ಜಮಖಾನೆಯ ಕೆಳಗಿನ ಅರ್ಧ

ಪ್ರಶಸ್ತಿ ಬಂದ ದಿನ ನಾನು ಯಾವ ಸೀರೆ ಉಟ್ಟಿದ್ದೆ ಎಂದು ಕೇಳಿದರೆ ಈಗಲೂ ಹೇಳಬಲ್ಲೆ. ಹಸಿರು ಅಂಚಿನ ಬೂದು ಬಣ್ಣದ ನೂಲಿನ ಸೀರೆ, ನೆರಿಗೆ ಸರಿಯಾಗಿ ಕೂತಿರಲಿಲ್ಲ. ಮಲ್ಲೇಶ್ವರದ ಆ ಸಭಾಂಗಣದಲ್ಲಿ ಯಾವ ಫ್ಯಾನು ಕಿರುಗುಟ್ಟುತ್ತಿತ್ತು, ವೇದಿಕೆಗೆ ಹತ್ತುವ ಮೆಟ್ಟಿಲುಗಳಲ್ಲಿ ಯಾವುದು ಅಲ್ಲಾಡುತ್ತಿತ್ತು ಎಂಬುದೂ ನೆನಪಿದೆ. ಆ ಹೊತ್ತಿನಲ್ಲಿ ಏನನ್ನಿಸಿತು ಎಂದು ಕೇಳುತ್ತೀರೇನೋ. ಏನೂ ಅನ್ನಿಸಲಿಲ್ಲ. ಆಗ ಕೆಲವು ವರ್ಷ ನನಗೆ ಏನೂ ಅನ್ನಿಸುತ್ತಲೇ ಇರಲಿಲ್ಲ. ಹಸಿವಾದರೆ ಉಣ್ಣುತ್ತಿದ್ದೆ, ಯಾರಾದರೂ ನಕ್ಕರೆ ನಾನೂ ನಗುತ್ತಿದ್ದೆ, ಬಸ್ಸು ಬಂದರೆ ಹತ್ತುತ್ತಿದ್ದೆ. ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಿದ್ದರೂ ಅವರು ಮಾಡುವುದಾದರೂ ಏನಿತ್ತು.

ನಾವು ಜಮಖಾನೆ ನೇಯುವವರು. ಚಾಮರಾಜಪೇಟೆಯ ಒಂದು ವಠಾರದಲ್ಲಿ ಬೀದಿ ಕಡೆಗಿದ್ದ ಮೊದಲನೆಯ ಮನೆ ನಮ್ಮದು. ಮುಂದಿನ ಕೋಣೆಯನ್ನು ಮಗ್ಗವೇ ತುಂಬಿಕೊಂಡಿತ್ತು. ಎರಡು ಕಂಬ, ಮೇಲೊಂದು ಕೆಳಗೊಂದು ಮರದ ದಿಂಡು, ನಡುವೆ ಉದ್ದಕ್ಕೆ ಬಿಗಿದು ಕಟ್ಟಿದ ಬಿಳಿ ನೂಲು. ಆ ಬಿಳಿ ನೂಲನ್ನು ಹಾಸು ಎನ್ನುತ್ತಿದ್ದೆವು. ಎದುರಿಗೆ ಹಲಗೆಯ ಮೇಲೆ ಇಬ್ಬರು ಅಕ್ಕಪಕ್ಕ ಕೂತು, ಬಣ್ಣದ ನೂಲನ್ನು ಅಡ್ಡಕ್ಕೆ ತೂರಿಸಿ, ಕಬ್ಬಿಣದ ಹಲ್ಲಿನ ಹಣಿಗೆಯಿಂದ ಸಾಲನ್ನು ಕೆಳಕ್ಕೆ ಬಡಿಯಬೇಕು. ಬಡಿದು ಬಡಿದು ಬಿಳಿ ಹಾಸು ಒಂದಿಷ್ಟೂ ಕಾಣದಂತೆ ಬಣ್ಣ ಅದನ್ನು ಮುಚ್ಚಿಬಿಡಬೇಕು. ಜಮಖಾನೆಯ ಒಳ್ಳೆಯದು ಕೆಟ್ಟದ್ದೆಲ್ಲ ಇರುವುದು ಆ ಏಟಿನಲ್ಲಿ. ನೇಯ್ದಷ್ಟು ಭಾಗ ಕೆಳಗಿನ ದಿಂಡಿಗೆ ಸುತ್ತಿಕೊಂಡು ಹೋಗುತ್ತದೆ. ಕೊನೆಗೆ ಕತ್ತರಿಸಿ ಬಿಡಿಸುವ ತನಕ ನೇಯ್ದವರಿಗೂ ಅದು ಪೂರ್ತಿಯಾಗಿ ಕಾಣುವುದಿಲ್ಲ.

ಅಪ್ಪ ಸತ್ತ ಮೇಲೆ ಮಗ್ಗ ಅಕ್ಕನ ಕೈಗೆ ಬಂತು. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಮದುವೆಯಾಗಿ ಎರಡು ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದವಳು, ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಕೇಳಿದವರನ್ನು ಅವಳು ನೋಡುತ್ತಿದ್ದ ನೋಟಕ್ಕೆ ಅವರೇ ಮಾತು ಬದಲಾಯಿಸುತ್ತಿದ್ದರು. ನನಗೆ ಹನುಮಂತನಗರದ ಕಡೆ ಮದುವೆಯಾಗಿತ್ತು, ಗಂಡ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರು. ಅವರಿಗೆ ಡಬ್ಬಿ ಕಟ್ಟಿಕೊಟ್ಟು ನಾನು ದಿನವೂ ಅಕ್ಕನ ಮನೆಗೆ ನಡೆದು ಬರುತ್ತಿದ್ದೆ. ಇಬ್ಬರೂ ಸಂಜೆಯ ತನಕ ನೇಯುತ್ತಿದ್ದೆವು. ಮದುವೆ ಛತ್ರಗಳಿಗೆ, ಭಜನೆ ಮಂದಿರಗಳಿಗೆ, ಪಟ್ಟೆ ಪಟ್ಟೆಯ ಉದ್ದುದ್ದ ಜಮಖಾನೆಗಳು.

ಅಕ್ಕನ ಕೈ ಭಾರ, ನನ್ನದು ಹಗುರ. ಅವಳು ಬಡಿಯುವಾಗ ಹಲಗೆಯಿಂದ ಅರ್ಧ ಎದ್ದು ಇಡೀ ಭುಜವನ್ನು ಹಾಕಿ ಬಡಿಯುತ್ತಿದ್ದಳು. ನಾನು ಕೂತಲ್ಲೇ ಬಡಿಯುತ್ತಿದ್ದೆ. ಇಬ್ಬರ ಏಟೂ ಒಂದೇ ಸಮ ಇರದಿದ್ದರೆ ಜಮಖಾನೆ ಒಂದು ಕಡೆ ಏರಿ ಒಂದು ಕಡೆ ಇಳಿಯುತ್ತದೆ. ಹಾಗಾಗಿ ನಾನು ಬಡಿದಾದ ಮೇಲೆ ಅಕ್ಕ ನನ್ನ ಕಡೆಗೆ ಬಾಗಿ ನನ್ನ ಸಾಲನ್ನೂ ಮತ್ತೊಮ್ಮೆ ಬಡಿಯುತ್ತಿದ್ದಳು. ಪ್ರತಿ ಸಾಲಿಗೂ ಅಷ್ಟೇ. ‘ಬೆಳಿಗ್ಗೆ ತಿಂಡಿ ತಿಂದು ಬಂದಿಲ್ವೇನೇ?’ ಎಂದು ದಿನಕ್ಕೆ ಒಂದು ಸಲವಾದರೂ ಕೇಳುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಒಟ್ಟಿನಲ್ಲಿ ಇಬ್ಬರೂ ಕೂತು ನೇಯ್ದರೂ ಕೊನೆಗೆ ಉಳಿಯುತ್ತಿದ್ದುದು ಅವಳ ಏಟೇ.

ಅಪ್ಪ ಮಾಡಿದ್ದ ಒಂದು ಕಟ್ಟುನಿಟ್ಟು ಇತ್ತು. ಯಾರು ಶುರು ಮಾಡಿದರೋ ಅವರೇ ಮುಗಿಸಬೇಕು, ನಡುವೆ ಕೈ ಬದಲಾಗಬಾರದು. ಒಬ್ಬರಿಗೆ ಜ್ವರ ಬಂದರೆ ಮಗ್ಗಕ್ಕೆ ಬಟ್ಟೆ ಮುಚ್ಚಿ ಕಾಯುವುದೇ. ಒಂದು ಸಲ ಅಕ್ಕನಿಗೆ ಸಿಡುಬಿನ ಅಮ್ಮ ಎದ್ದು, ಛತ್ರದವರು ದಿನವೂ ಬಂದು ಬಾಗಿಲಲ್ಲಿ ಕೂತರೂ ಅಪ್ಪ ಬಟ್ಟೆ ತೆಗೆಯಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಛತ್ರಗಳಿಗೆ ಕಬ್ಬಿಣದ ಕುರ್ಚಿ ಬಂದವು. ನೆಲದ ಮೇಲೆ ಕೂರುವವರು ಕಡಿಮೆಯಾದರು, ನಮಗೆ ಕೆಲಸವೂ ಕಡಿಮೆಯಾಯಿತು. ಹಾಗಿರುವಾಗ ಬಸವನಗುಡಿಯಿಂದ ಒಬ್ಬ ಮೇಷ್ಟ್ರು ಬಂದರು. ಚಿತ್ರಕಲೆ ಕಲಿಸುವವರು, ತಾವೂ ಚಿತ್ರ ಬರೆಯುವವರು. ಉದ್ದ ಜುಬ್ಬಾ, ಬೆರಳುಗಳ ಸಂದಿಯಲ್ಲಿ ಬಣ್ಣ. ತಾವು ಬರೆದ ಒಂದು ಚಿತ್ರವನ್ನು ಜಮಖಾನೆಯಾಗಿ ನೇಯ್ದು ಕೊಡಬೇಕು, ಪ್ರದರ್ಶನದಲ್ಲಿ ಗೋಡೆಗೆ ತೂಗುಹಾಕುತ್ತೇನೆ ಎಂದರು. ಅಕ್ಕ ಅವರನ್ನು ಮೇಲಿಂದ ಕೆಳಕ್ಕೆ ನೋಡಿದಳು.

‘ಗೋಡೆ ಮೇಲೆ ಯಾರ್ ಕೂತ್ಕೋತಾರೆ ಮೇಷ್ಟ್ರೇ?’

ಮೇಷ್ಟ್ರು ನಕ್ಕುಬಿಟ್ಟರು. ಚಿತ್ರ ಬಿಚ್ಚಿ ತೋರಿಸಿದರು. ಕಡುನೀಲಿ ಬಯಲು, ನಡುವೆ ಇಟ್ಟಿಗೆ ಕೆಂಪಿನ ಒಂದು ದೊಡ್ಡ ದುಂಡು. ಬೇರೇನೂ ಇಲ್ಲ. ಇಷ್ಟು ಬರೆಯುವುದಕ್ಕೆ ಕಾಲೇಜಿಗೆ ಹೋಗಬೇಕೇ ಎಂದು ಅಕ್ಕ ನನ್ನ ಕಿವಿಯಲ್ಲಿ ಕೇಳಿದಳು. ಆದರೆ ಅವರು ಹೋದ ಮೇಲೆ ಆ ಕಾಗದದ ಮುಂದೆ ಬಹಳ ಹೊತ್ತು ಕೂತಿದ್ದಳು. ಪಟ್ಟೆ ನೇಯುವಾಗ ಒಂದು ಸಾಲು ಹೆಚ್ಚುಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ದುಂಡಿನಲ್ಲಿ ಹಾಗಲ್ಲ, ಪ್ರತಿ ಸಾಲೂ ಚಾಡಿ ಹೇಳುತ್ತದೆ. ಅಪ್ಪ ಕೂಡ ದುಂಡು ನೇಯ್ದವರಲ್ಲ. ಅಕ್ಕನಿಗೆ ಹಟ ಹತ್ತಿತು.

ಲೆಕ್ಕದ ಹಾಳೆಯ ಮೇಲೆ ನಕ್ಷೆ ಬರೆದದ್ದು ನಾನು. ನಾನು ಎಸ್ಸೆಸ್ಸೆಲ್ಸಿ ತನಕ ಓದಿದ್ದೆ. ಅಕ್ಕನ ಏಟಿಗೆ ಒಂದು ಗೇಣಿನಲ್ಲಿ ಎಷ್ಟು ಸಾಲು ಕೂರುತ್ತದೆ ಎಂದು ಹಳೆಯ ತುಂಡೊಂದರ ಮೇಲೆ ಎಣಿಸಿ, ಅದಕ್ಕೆ ಸರಿಯಾಗಿ ಚೌಕ ಹಾಕಿ, ದುಂಡನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದೆ. ನೂಲನ್ನು ಕಾಟನ್‌ಪೇಟೆಯಿಂದ ತಂದು ಅಕ್ಕನೇ ಬಣ್ಣ ಹಾಕಿದಳು. ಕೆಂಪು ಒಂದೇ ಸಲಕ್ಕೆ ಬರಲಿಲ್ಲ. ಮೂರನೆಯ ಸಲ ಬಂದಾಗ ವಠಾರದ ಹಗ್ಗದ ಮೇಲೆ ಒಣಗುತ್ತಿದ್ದ ನೂಲಿನ ಲಡಿಗಳನ್ನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಳು. ಅವಳು ಅಷ್ಟು ಖುಷಿಯಾಗಿದ್ದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ.

ದುಂಡು ಅರ್ಧಕ್ಕೆ ಬಂದಾಗ ಅಕ್ಕನಿಗೆ ಕಾಮಾಲೆಯಾಯಿತು. ಹಿತ್ತಿಲ ಸೊಪ್ಪಿನ ರಸ ಕುಡಿಸಿದೆವು, ಪಥ್ಯ ಮಾಡಿಸಿದೆವು, ಕೊನೆಗೆ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಜಟಕಾ ಹತ್ತುವ ಮುಂಚೆ ಅವಳು ನನ್ನನ್ನು ಕರೆದಳು.

‘ಮಗ್ಗಕ್ಕೆ ಬಟ್ಟೆ ಮುಚ್ಚೇ. ನಾನು ಬರೋತನಕ ಮುಟ್ಬೇಡ.’

ಒಂಬತ್ತು ದಿನಕ್ಕೆ ಹೋಗಿಬಿಟ್ಟಳು.

ನಾನು ಅಳಲಿಲ್ಲ. ತಡೆದುಕೊಂಡೆ ಎಂದಲ್ಲ, ಬರಲಿಲ್ಲ. ವಠಾರದ ಹೆಂಗಸರು ನನ್ನ ಮುಖ ನೋಡುತ್ತಿದ್ದರು, ಇಗೋ ಈಗ ಅಳುತ್ತಾಳೆ ಎಂದು ಕಾಯುತ್ತಿದ್ದರು. ಒಬ್ಬರು ನನ್ನ ತೋಳು ಹಿಡಿದು ಅಲ್ಲಾಡಿಸಿದರು, ಅತ್ತುಬಿಡು ಮಗಳೇ ಎಂದರು. ನನಗೆ ತೋಳು ನೋಯುತ್ತದೆ ಎನ್ನುವುದೊಂದೇ ತಿಳಿಯಿತು. ವೈಕುಂಠ ಸಮಾರಾಧನೆಯ ದಿನ ಬಡಿಸುವಾಗ ನಮ್ಮತ್ತೆ ಯಾರಿಗೋ ಹೇಳುತ್ತಿದ್ದರು, ಒಡಹುಟ್ಟಿದವಳು ಸತ್ತರೂ ಕಣ್ಣಲ್ಲಿ ಒಂದು ಹನಿ ನೀರಿಲ್ಲ ಎಂದು. ಅವರು ಹೇಳಿದ್ದು ನಿಜವೇ ಆಗಿತ್ತು. ನನಗೆ ಬೇಜಾರಾಗಲಿಲ್ಲ.

ಆಮೇಲೆ ಕೆಲವು ವಾರಕ್ಕೆ ಮೇಷ್ಟ್ರು ಅಕ್ಕನ ಮನೆಗೆ ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತರು. ಪ್ರದರ್ಶನ ಹತ್ತಿರ ಬಂದಿತ್ತು, ಆದರೆ ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಆಗಿರುವಷ್ಟನ್ನೇ ಕತ್ತರಿಸಿ ಕೊಟ್ಟರೂ ಸಾಕು, ಅರ್ಧ ದುಂಡನ್ನೇ ಹಾಕುತ್ತೇನೆ ಎಂದರು. ಒಳ್ಳೆಯ ಮನುಷ್ಯ. ನಾನು ಮುಗಿಸಿ ಕೊಡುತ್ತೇನೆ ಎಂದೆ. ಯಾಕೆ ಹಾಗೆಂದೆ ಎಂದು ನನಗೆ ಗೊತ್ತಿಲ್ಲ. ಮನೆಗೆ ಬಂದು ಹೇಳಿದಾಗ ನನ್ನ ಗಂಡ, ಗೋಡೆ ನೋಡಿಕೊಂಡು ಕೂರುವುದಕ್ಕಿಂತ ಅದೇ ವಾಸಿ ಎಂದರು.

ಮಾರನೆಯ ದಿನ ಬಟ್ಟೆ ತೆಗೆದೆ. ಅಕ್ಕ ಮುಟ್ಟಬೇಡ ಎಂದಿದ್ದು ನೆನಪಿತ್ತು. ಅಪ್ಪನ ಕಟ್ಟುನಿಟ್ಟೂ ನೆನಪಿತ್ತು. ಎರಡೂ ನನಗೆ ತಾಗಲಿಲ್ಲ. ಹಲಗೆಯ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಯುತ್ತಾ ಇಬ್ಬರ ಸಾಲನ್ನೂ ಒಬ್ಬಳೇ ನೇಯ್ದೆ. ನನ್ನ ಹಣಿಗೆಯಲ್ಲಿ ನನ್ನ ಕೈಯಿಂದ ಬಡಿದೆ. ಸಾಲು ಸಡಿಲವಾಗಿ ಕೂರುತ್ತಿದೆ ಎಂದು ಮೊದಲನೆಯ ಗಂಟೆಯಲ್ಲೇ ಗೊತ್ತಾಯಿತು. ಪಕ್ಕದಿಂದ ಬಾಗಿ ಇನ್ನೊಮ್ಮೆ ಬಡಿಯುವವರು ಇರಲಿಲ್ಲ. ನಾನೇ ಎದ್ದು ಭುಜ ಕೊಟ್ಟು ಬಡಿಯಬಹುದಾಗಿತ್ತು. ಬಡಿಯಲಿಲ್ಲ. ಸಾಲಿನ ಮೇಲೆ ಸಾಲು ಹಾಕುತ್ತಾ ಹೋದೆ, ಅಷ್ಟೇ.

ಕತ್ತರಿಸಿದ ದಿನ ಮೇಷ್ಟ್ರೂ ನಾನೂ ಅದನ್ನು ವಠಾರದ ಅಂಗಳದಲ್ಲಿ ಬಿಡಿಸಿದೆವು. ನಾನು ಒಂದೇ ನೋಟಕ್ಕೆ ಕಂಡೆ. ಅಕ್ಕನ ಏಟಿನ ಲೆಕ್ಕಕ್ಕೆ ಬರೆದ ನಕ್ಷೆ, ನನ್ನ ಏಟಿನಲ್ಲಿ ಮೇಲಕ್ಕೆ ಎಳೆದುಕೊಂಡಿತ್ತು. ದುಂಡು ದುಂಡಾಗಿರಲಿಲ್ಲ. ಕೆಳಗಿನ ಅರ್ಧ ತುಂಬಿದ ಬಟ್ಟಲಿನ ಹಾಗೆ ಗಟ್ಟಿಯಾಗಿ ಕೂತಿತ್ತು, ಮೇಲಿನ ಅರ್ಧ ಮೊಟ್ಟೆಯ ತುದಿಯಂತೆ ಉದ್ದವಾಗಿ ಹೋಗಿತ್ತು. ಬಣ್ಣವೂ ಬೇರೆ. ಕೆಳಗೆ ಕೆಂಪೆಂದರೆ ಕೆಂಪು. ಮೇಲೆ ಸಡಿಲ ಸಾಲಿನ ನಡುವೆ ಬಿಳಿ ಹಾಸು ಇಣುಕಿ ಎಲ್ಲ ಮಾಸಲಾಗಿ ಕಾಣುತ್ತಿತ್ತು. ಎರಡರ ನಡುವೆ ಈ ಅಂಚಿನಿಂದ ಆ ಅಂಚಿಗೆ ಒಂದು ಗೆರೆ. ಗೆರೆಯನ್ನು ಯಾರೂ ಹಾಕಿದ್ದಲ್ಲ. ಅಲ್ಲಿಗೆ ಒಂದು ಕೈ ನಿಂತು ಇನ್ನೊಂದು ಕೈ ಶುರುವಾಗಿತ್ತು.

ಮೇಷ್ಟ್ರು ಬಯ್ಯುತ್ತಾರೆ ಎಂದುಕೊಂಡೆ. ಅವರು ಅದರ ಸುತ್ತ ಎರಡು ಸಲ ನಡೆದರು. ಕುಕ್ಕರಗಾಲಲ್ಲಿ ಕೂತು ಗೆರೆಯ ಮೇಲೆ ಬೆರಳಾಡಿಸಿದರು. ಮುಖ ಎತ್ತಿದಾಗ ಅವರ ಕಣ್ಣು ಹೊಳೆಯುತ್ತಿತ್ತು.

‘ಇದನ್ನ ಹೇಗೆ ಯೋಚಿಸಿದ್ರಿ?’

‘ಹಾಗೇ ಬಂತು’ ಎಂದೆ.

ಅವರು ಅದನ್ನು ವಿನಯ ಎಂದುಕೊಂಡರು. ಆಗಲೇ ಹೇಳಬಹುದಾಗಿತ್ತು. ಹೇಳುವುದಕ್ಕೆ ಬಾಯಿ ತೆರೆಯಬೇಕು, ಉಸಿರು ಬೇಕು, ಎದುರಿಗಿರುವವರ ಮುಖ ಬದಲಾಗುವುದನ್ನು ನೋಡಬೇಕು. ನನಗೆ ಅಷ್ಟು ದೂರ ಹೋಗುವ ಶಕ್ತಿ ಇರಲಿಲ್ಲ.

ಆ ವರ್ಷ ವಿನ್ಯಾಸಕ್ಕೆ ಕೊಡುವ ಪ್ರಶಸ್ತಿ ಅದಕ್ಕೇ ಬಂತು. ಚಿತ್ರ ಅವರದು, ನೇಯ್ಗೆ ನನ್ನದು, ಇಬ್ಬರಿಗೂ ಒಂದೊಂದು ತಾಮ್ರದ ಫಲಕ. ತೀರ್ಪುಗಾರರಲ್ಲಿ ಒಬ್ಬರು ಆ ಗೆರೆಯ ಬಗ್ಗೆಯೇ ಬಹಳ ಹೊತ್ತು ಮಾತಾಡಿದರು. ಕೆಳಗೆ ಭೂಮಿಯಂತೆ, ಮೇಲೆ ಬಿಡುಗಡೆಯಂತೆ ಇದೆ ಎಂದರು. ಮೇಷ್ಟ್ರು ಮೈಕಿನ ಮುಂದೆ ನಿಂತು, ಆ ಯೋಚನೆ ನನ್ನದಲ್ಲ, ಇವರದು ಎಂದು ನನ್ನ ಕಡೆ ಕೈ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ಪತ್ರಿಕೆಯಲ್ಲಿ ಫೋಟೋ ಬಂತು. ಅದರಲ್ಲಿ ನನ್ನ ಮುಖ ಸೀಮೆಎಣ್ಣೆ ಕ್ಯೂನಲ್ಲಿ ನಿಂತವಳ ಮುಖದ ಹಾಗಿದೆ.

ಆ ಸಭಾಂಗಣದಿಂದ ಹೊರಗೆ ಬರುವಾಗ ಗೋಡೆಯ ಮೇಲೆ ಅದನ್ನು ಇನ್ನೊಮ್ಮೆ ನೋಡಿದೆ. ಆಗ ಒಂದು ಯೋಚನೆ ಬಂತು, ಬಂದದ್ದು ಹೋಗಲಿಲ್ಲ. ಅಕ್ಕ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನೇಯ್ದಿದ್ದಳು. ಎಲ್ಲ ಮಾರಿಹೋಗಿತ್ತು. ಯಾವ ಛತ್ರದಲ್ಲಿ ಯಾರ ಕಾಲ ಕೆಳಗೆ ಎಲ್ಲಿ ಸವೆದುಹೋಯಿತೋ ದೇವರೇ ಬಲ್ಲ. ಅವಳ ಕೈಯದು ಇಂಥ ಕಡೆ ಇದೆ ಎಂದು ಹೇಳಬಹುದಾದದ್ದು ಇದೊಂದೇ, ಇದರ ಕೆಳಗಿನ ಅರ್ಧ. ಅದು ನನಗೆ ಬೇಕು ಅನ್ನಿಸಿತು. ಆ ವರ್ಷಗಳಲ್ಲಿ ನಾನು ಬೇಕು ಎಂದುಕೊಂಡದ್ದು ಅದೊಂದನ್ನೇ.

ಸಂಕೋಚ ಬಿಟ್ಟು ಮೇಷ್ಟ್ರನ್ನು ಕೇಳಿದೆ. ಕಾರಣ ಹೇಳಲಿಲ್ಲ. ಅವರಿಗೂ ಅದರ ಮೇಲೆ ಪ್ರೀತಿ. ಸ್ವಲ್ಪ ಯೋಚಿಸಿ, ‘ಇಂಥದ್ದೇ ಇನ್ನೊಂದು ನೇಯ್ದು ಕೊಡಿ, ಇದನ್ನ ನೀವೇ ತಗೊಂಡ್ಹೋಗಿ’ ಎಂದರು. ನ್ಯಾಯವಾದ ಮಾತು.

ಅದೇ ನಕ್ಷೆ, ಅದೇ ನೀಲಿ, ಅದೇ ಕೆಂಪು ಹಿಡಿದು ಮತ್ತೆ ಕೂತೆ. ಕತ್ತರಿಸಿ ಬಿಡಿಸಿದರೆ ಕೆಳಗಿನಿಂದ ಮೇಲಿನ ತನಕ ಎಲ್ಲ ನನ್ನದೇ ಕೈ. ದುಂಡು ಸೋರೆಕಾಯಿಯ ಹಾಗೆ ಉದ್ದವಾಗಿತ್ತು, ಗೆರೆಯೇ ಇರಲಿಲ್ಲ. ಮೇಷ್ಟ್ರು ತಲೆಯಾಡಿಸಿದರು. ಅವಸರವಿಲ್ಲ, ಬಂದಾಗ ಬರುತ್ತದೆ ಎಂದರು. ಅವರ ಪಾಲಿಗೆ ಅದು ಸ್ಫೂರ್ತಿಯ ವಿಷಯ. ನನಗೆ ಗೊತ್ತಿತ್ತು, ಬೇಕಾಗಿದ್ದದ್ದು ಭುಜ.

ಹೀಗೆ ನಾನು ಅಕ್ಕನ ಏಟು ಕಲಿಯುವುದಕ್ಕೆ ಶುರುಮಾಡಿದೆ. ಅವಳ ಹಣಿಗೆ ಮಗ್ಗದ ಪಕ್ಕದ ಗೂಡಿನಲ್ಲಿ ಬಿದ್ದಿತ್ತು. ನನ್ನದಕ್ಕಿಂತ ತೂಕ, ಹಿಡಿಗೆ ಹಳೆ ರವಿಕೆಯ ಬಟ್ಟೆ ಸುತ್ತಿದ್ದಳು. ಅದನ್ನು ಹಿಡಿದು, ಅವಳ ಹಾಗೆ ಹಲಗೆಯಿಂದ ಅರ್ಧ ಎದ್ದು ಬಡಿದೆ. ಮೊದಲ ವಾರ ರಾಗಿ ಮುದ್ದೆ ತಿರುವುವುದಕ್ಕೂ ಕೈ ಬರಲಿಲ್ಲ. ಅವಳು ಒಂದು ಗೇಣಿಗೆ ಕೂರಿಸುತ್ತಿದ್ದ ಸಾಲಿಗೆ ನಾನು ಹತ್ತು ಸಾಲು ಹಿಂದೆ, ಆಮೇಲೆ ಏಳು, ಆಮೇಲೆ ನಾಲ್ಕು.

ಈ ನಡುವೆ ನಮ್ಮ ವಠಾರಕ್ಕೆ ಕಲಾವಿದರು ಬರುವುದು ಜಾಸ್ತಿಯಾಯಿತು. ಪತ್ರಿಕೆಯಲ್ಲಿ ನೋಡಿದವರು, ಮೇಷ್ಟ್ರು ಕಳಿಸಿದವರು. ಒಬ್ಬರು ನೀರುಬಣ್ಣದ ಚಿತ್ರ ತಂದು, ಬಣ್ಣ ಹೀಗೆ ಒಂದಕ್ಕೊಂದು ಹರಿದು ಬೆರೆಯಬೇಕು ಎಂದರು. ನೂಲು ಹರಿಯುವುದಿಲ್ಲ ಸಾರ್, ಹರಿದುಹೋಗುತ್ತದೆ ಎಂದೆ. ಮುಖ ಊದಿಸಿಕೊಂಡು ಹೋದವರು ಮತ್ತೆ ಮಾರನೆಯ ವಾರ ಬಂದು ನನ್ನ ಜೊತೆ ಕೂತು ಚೌಕ ತುಂಬಿದರು. ಮಡಕೆ ಮಾಡುವ ಹೆಂಗಸೊಬ್ಬರು ಬರಿಯ ಮಣ್ಣಿನ ಬಣ್ಣಗಳಲ್ಲೇ ಮೂರು ಮಾಡಿಸಿದರು. ಅವರ ಜೊತೆ ಕೆಲಸ ಸಲೀಸಾಗಿತ್ತು, ಅವರಿಗೂ ಕೈಯ ತೂಕ ಗೊತ್ತಿತ್ತು. ಎಲ್ಲರಿಗೂ ಚಿತ್ರ ಬೇರೆ ಬೇರೆ, ಆದರೆ ಎಲ್ಲರಿಗೂ ಆ ಗೆರೆ ಬೇಕು. ಅದನ್ನು ನನ್ನ ಗುರುತು ಎನ್ನುತ್ತಿದ್ದರು, ನನ್ನ ಶೈಲಿ ಎನ್ನುತ್ತಿದ್ದರು. ಕಲಾಶಾಲೆಯವರು ಕರೆಸಿ ಹುಡುಗರ ಮುಂದೆ ಮಾತಾಡಿ ಎಂದರು. ನಾನು ಮಾತಾಡದೆ ನೇಯ್ದು ತೋರಿಸಿ ಬಂದೆ.

ನಾನು ಕೆಳಗಿನ ಅರ್ಧವನ್ನು ಅಕ್ಕನ ಹಣಿಗೆಯಲ್ಲಿ ನೇಯುತ್ತಿದ್ದೆ. ನಡುವಿಗೆ ಬಂದಾಗ ಅದನ್ನು ಕೆಳಗಿಟ್ಟು ನನ್ನ ಹಣಿಗೆ ಎತ್ತಿಕೊಳ್ಳುತ್ತಿದ್ದೆ. ಹೀಗೆ ಎಷ್ಟು ಸಲ ಮಾಡಿದೆನೋ. ಮಾಡುವಾಗ ಏನೂ ಅನ್ನಿಸುತ್ತಿರಲಿಲ್ಲ. ಒಲೆಯ ಮೇಲಿನ ಪಾತ್ರೆ ಇಳಿಸಿ ಇನ್ನೊಂದು ಇಡುವ ಹಾಗೆ. ಇಂಥದ್ದರಿಂದ ನನಗೆ ಹೆಸರು ಬಂತು. ಇನ್ನೆರಡು ಫಲಕಗಳು ಬಂದವು, ಒಂದು ಶಾಲೂ ಬಂತು. ನಮ್ಮತ್ತೆ ಅವನ್ನು ಒರೆಸಿ ಶೋಕೇಸಿನಲ್ಲಿ ಇಡುತ್ತಿದ್ದರು, ಬಂದವರಿಗೆ ತೋರಿಸುತ್ತಿದ್ದರು. ಅವರಿಗೆ ನನ್ನ ಮೇಲೆ ಅಭಿಮಾನ ಬಂದದ್ದು ಆಗಲೇ.

ಮೇಷ್ಟ್ರ ದುಂಡನ್ನು ಮಾತ್ರ ಮತ್ತೆ ಮುಟ್ಟಿರಲಿಲ್ಲ. ಪೂರ್ತಿ ತಯಾರಾಗದೆ ಮುಟ್ಟಬಾರದು ಎಂದುಕೊಂಡಿದ್ದೆ. ವರ್ಷಗಳು ಹೋದವು. ನನ್ನ ಬಲಭುಜ ನೋಯತೊಡಗಿತು, ಅಕ್ಕನಿಗೆ ನೋಯುತ್ತಿದ್ದ ಜಾಗದಲ್ಲೇ. ಒಂದು ದಿನ ಎಣಿಸಿ ನೋಡಿದರೆ ಗೇಣಿಗೆ ಅವಳಷ್ಟೇ ಸಾಲು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಪ್ರಶಸ್ತಿ ಬಂದು ಆರು ವರ್ಷವಾಗಿತ್ತು. ಮೇಷ್ಟ್ರು ಮನೆಗೆ ಹೇಳಿಕಳಿಸಿದರು. ದೆಹಲಿಯ ಒಂದು ದೊಡ್ಡ ಸಂಗ್ರಹಾಲಯದವರು ಆ ಮೊದಲ ಜಮಖಾನೆಯನ್ನು ಕೇಳಿದ್ದಾರೆ, ಶಾಶ್ವತವಾಗಿ ಇಟ್ಟುಕೊಳ್ಳುತ್ತಾರಂತೆ. ಮೂರು ತಿಂಗಳು ಸಮಯವಿದೆ. ಅವರು ಕೊಟ್ಟ ಮಾತು ಮರೆತಿರಲಿಲ್ಲ. ಅದಕ್ಕೆ ಸಮನಾದ ಜೊತೆಯೊಂದು ಬಂದರೆ ಅದನ್ನು ದೆಹಲಿಗೆ ಕಳಿಸಿ ಇದನ್ನು ನಿಮಗೆ ಕೊಡುತ್ತೇನೆ, ಇಲ್ಲದಿದ್ದರೆ ಇದು ಹೋಗಿಯೇಬಿಡುತ್ತದೆ ಎಂದರು. ದೆಹಲಿಗೆ ಹೋದರೆ ನಾನು ಮತ್ತೆ ಅದನ್ನು ಕಾಣುವುದಿಲ್ಲ ಎಂದು ನನಗೆ ಗೊತ್ತಿತ್ತು.

ಉಳಿದ ಕೆಲಸವನ್ನೆಲ್ಲ ಬದಿಗಿಟ್ಟು ಹಾಸು ಕಟ್ಟಿದೆ. ಕೆಂಪು ಮೂರನೆಯ ಸಲಕ್ಕೇ ಬಂತು. ನಡುವೆ ಎಲ್ಲಿ ಕೈ ಬದಲಾಯಿಸಬೇಕೋ ಅಲ್ಲಿ ಅಂಚಿನ ಬಿಳಿ ನೂಲಿಗೆ ಒಂದು ಹಳದಿ ದಾರ ಕಟ್ಟಿಟ್ಟೆ. ನನ್ನ ಹಗುರ ಹಣಿಗೆಯನ್ನು ಕೈಗೆ ಸಿಗುವಂತೆ ಕಿಟಕಿಯಲ್ಲಿ ಇಟ್ಟುಕೊಂಡೆ. ಬೆಳಿಗ್ಗೆ ಬಂದು ಕೂತರೆ ಸಂಜೆ ಏಳುತ್ತಿದ್ದೆ. ಕೆಳಗಿನ ಅರ್ಧ ಅಕ್ಕನೇ ನೇಯ್ದಂತೆ ಬರುತ್ತಿತ್ತು. ಮೊದಲ ಸಲ ನೇಯುವಾಗ ನಾವಿಬ್ಬರೂ ಯಾವ ಸಾಲಿನಲ್ಲಿ ಜಗಳವಾಡಿದ್ದೆವು, ಯಾವ ಸಾಲಿನಲ್ಲಿ ಅವಳು ಎದ್ದುಹೋಗಿ ಕಾಫಿ ಮಾಡಿಕೊಂಡು ಬಂದಳು ಎಂಬುದೆಲ್ಲ ನಕ್ಷೆಯ ಚೌಕಗಳಲ್ಲಿ ಕಾಣುತ್ತಿತ್ತು.

ಒಂದು ಮಧ್ಯಾಹ್ನ ನೀರು ಕುಡಿಯಲು ಎದ್ದೆ. ತಿರುಗಿ ನೋಡಿದರೆ ಹಳದಿ ದಾರ ಎಲ್ಲೂ ಇಲ್ಲ. ಅದು ನಾಲ್ಕು ಬೆರಳು ಕೆಳಗೆ ಹೋಗಿ, ಸಾಲುಗಳ ನಡುವೆ ಸಿಕ್ಕಿಕೊಂಡಿತ್ತು. ನಾನು ಗೆರೆ ದಾಟಿಬಿಟ್ಟಿದ್ದೆ. ಕೈ ಬದಲಾಯಿಸುವುದನ್ನು ಮರೆತಿದ್ದೆ.

ಬಿಚ್ಚುವುದೇನೂ ಕಷ್ಟವಲ್ಲ, ಅರ್ಧ ದಿನದ ಕೆಲಸ. ಬಿಚ್ಚಬೇಕೆಂದೇ ಕೂತೆ. ಅಕ್ಕನ ಹಣಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಲ್ಲಿದ್ದ ನನ್ನ ಹಣಿಗೆಯನ್ನು ನೋಡಿದೆ. ಬೇರೆಯವರ ಚಿತ್ರಗಳಲ್ಲಿ ಅಷ್ಟು ಸಲ ಮಾಡಿದ ಕೆಲಸ. ಆದರೆ ಇದು ಅದೇ ದುಂಡು, ಅದೇ ಸಾಲು. ಇಲ್ಲಿ ಹಣಿಗೆ ಕೆಳಗಿಡುವುದೆಂದರೆ ಏನೆಂದು ನನಗೆ ಆಗ ತಿಳಿಯಿತು. ಅಕ್ಕನನ್ನು ಇದೇ ಸಾಲಿನಲ್ಲಿ ನಿಲ್ಲಿಸಬೇಕು, ಈ ಸಲ ನಿಲ್ಲಿಸುವವಳು ನಾನು. ಹಾಗೆ ಮಾಡದಿದ್ದರೆ ಮೇಷ್ಟ್ರ ಮನೆಯಲ್ಲಿರುವುದು ದೆಹಲಿಗೆ ಹೋಗುತ್ತದೆ. ಎರಡನ್ನೂ ಚೆನ್ನಾಗಿ ಯೋಚಿಸಿದೆ. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ನಾನು ಅದೇ ಹಣಿಗೆ ಎತ್ತಿಕೊಂಡು ಮುಂದಿನ ಸಾಲು ಬಡಿದೆ.

ಮುಗಿಯುವ ತನಕ ಹಾಗೇ ಬಡಿದೆ.

ಬಸವನಗುಡಿಯ ಮೇಷ್ಟ್ರ ಮನೆಯ ಹಜಾರ ದೊಡ್ಡದು. ಹಳೆಯದನ್ನು ಗೋಡೆಯಿಂದ ಇಳಿಸಿ ನೆಲಕ್ಕೆ ಹಾಸಿದ್ದರು. ಪಕ್ಕದಲ್ಲಿ ನಾನು ತಂದದ್ದನ್ನು ಬಿಡಿಸಿದೆ. ನಾನೂ ಆಗಲೇ ಅದನ್ನು ಬೆಳಕಿನಲ್ಲಿ ಪೂರ್ತಿಯಾಗಿ ಕಂಡದ್ದು. ದುಂಡು ದುಂಡಾಗಿತ್ತು. ಎಲ್ಲೂ ಎಳೆದುಕೊಂಡಿರಲಿಲ್ಲ, ಎಲ್ಲೂ ಮಾಸಿರಲಿಲ್ಲ, ಮೇಲೂ ಕೆಳಗೂ ಒಂದೇ ಕೆಂಪು.

ಮೇಷ್ಟ್ರು ಬಹಳ ಹೊತ್ತು ನೋಡಿದರು. ಅವರ ಕೂದಲು ಆಗ ಪೂರ್ತಿ ನೆರೆತಿತ್ತು.

‘ನಾನು ಬರೆದ ಚಿತ್ರ ಇದೇ. ಆದ್ರೆ ಗೆರೆ ಎಲ್ಲೋಯ್ತಮ್ಮಾ?’

ಆಗ ಹೇಳಿದೆ. ಹೇಳುವುದು ಅಷ್ಟೊಂದು ಕಷ್ಟವಾಗಲಿಲ್ಲ. ಆ ಗೆರೆ ನಾನು ಯೋಚಿಸಿ ಮಾಡಿದ್ದಲ್ಲ ಎಂದೆ. ಅಲ್ಲಿಯ ತನಕ ನೇಯ್ದು ಅಕ್ಕ ಆಸ್ಪತ್ರೆಗೆ ಹೋದಳು, ಅಲ್ಲಿಂದ ಮೇಲಿನದು ನಾನೊಬ್ಬಳೇ, ನನ್ನ ಕೈ ಹಗುರ, ಅದಕ್ಕೇ ಹಾಗಾಯಿತು ಎಂದೆ. ಅವಳು ನೇಯ್ದದ್ದರಲ್ಲಿ ಇದೊಂದೇ ಉಳಿದಿರುವುದು, ಕೇಳಿದ್ದು ಅದಕ್ಕೇ ಎಂದೆ.

ಮೇಷ್ಟ್ರು ನೆಲದ ಮೇಲೆ ಕೂತುಬಿಟ್ಟರು. ಗೆರೆಯ ಮೇಲಿಂದ ಕಾಲು ಹಿಂದಕ್ಕೆ ಎಳೆದುಕೊಂಡರು. ಆರು ವರ್ಷ ಅದರ ಬಗ್ಗೆ ಎಷ್ಟು ಕಡೆ ಮಾತಾಡಿದ್ದರೋ ಪಾಪ. ಒಳಗಿನಿಂದ ಅವರ ಹೆಂಡತಿ ಕಾಫಿ ತಂದಿಟ್ಟು ಹೋದರು. ಕೊನೆಗೆ ಅವರೇ ಹಳೆಯದನ್ನು ಸುತ್ತಿ, ದಾರ ಕಟ್ಟಿ, ನನ್ನ ಮುಂದಿಟ್ಟರು.

‘ದೆಹಲಿಯವ್ರಿಗೆ ನಾನು ಏನಾದ್ರೂ ಹೇಳ್ಕೋತೀನಿ. ಇದು ನಿಮ್ದು, ತಗೊಂಡ್ಹೋಗಿ.’

ಅದಕ್ಕಾಗಿಯೇ ನಾನು ಆರು ವರ್ಷ ಭುಜ ತೇಯ್ದಿದ್ದೆ. ಅದು ಕಾಲ ಹತ್ತಿರವೇ ಇತ್ತು. ನಾನು ಅದನ್ನು ಅವರ ಕಡೆಗೆ ಸರಿಸಿ, ಹೊಸದನ್ನು ಸುತ್ತತೊಡಗಿದೆ. ಅವರಿಗೆ ಅರ್ಥವಾಗಲಿಲ್ಲ. ಅದರಲ್ಲೇನಿದೆ, ನಿಮ್ಮಕ್ಕನ ಕೈ ಇರೋದು ಇದರಲ್ಲಲ್ಲವೇ ಎಂದರು.

‘ಇದ್ರಲ್ಲಿ ಅಕ್ಕ ಸತ್ತಿಲ್ಲ ಮೇಷ್ಟ್ರೇ.’

ಅಂದ ಮೇಲೆ ಅಳು ಬಂತು. ಸುತ್ತುತ್ತಿದ್ದುದನ್ನು ಬಿಟ್ಟು, ಅವರ ಹಜಾರದ ನೆಲದ ಮೇಲೆ ಕೂತು, ಬೇರೆಯವರ ಮನೆ ಎನ್ನುವುದನ್ನೂ ನೋಡದೆ ಅತ್ತೆ.